ಆಕಾಶದಲ್ಲೂ ಪಾಳಿ: ಹ್ಯಾಮ್ ಉಪಗ್ರಹಗಳ ಹಂಚಿಕೆಯ ಇತಿಹಾಸ

ಟ್ರಾನ್ಸ್‌ಫಾರ್ಮರ್ ಎಂದರೇನು ಎಂಬುದನ್ನು ನಮ್ಮ ಹುಮನಾಬಾದ್ ಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಟಿ.ಸಿ.ಯ ಮೇಲೆ ಹತ್ತಾರು ಪಂಪ್‌ಸೆಟ್ಟುಗಳು. ಎಲ್ಲರೂ ಸಣ್ಣ ಮೋಟಾರು ಹಚ್ಚಿದರೆ ಹೇಗೋ ನೀರು ಬರುತ್ತದೆ. ಒಬ್ಬ ತನ್ನ ಬೋರಿಗೆ ದೊಡ್ಡ ಮೋಟಾರು ಇಳಿಸಿದನೆಂದರೆ ವೋಲ್ಟೇಜ್ ಕುಸಿದು ಉಳಿದವರ ಮೋಟಾರು ಗುಂಯ್ ಎನ್ನುತ್ತ ನಿಂತುಬಿಡುತ್ತವೆ. ಅದಕ್ಕೇ ಹಿರಿಯರು ಪಾಳಿ ಮಾಡಿದರು. ಇದೇ ಜಗಳ, ಇದೇ ಪಾಳಿ ನೆಲದಿಂದ ನೂರಾರು ಕಿ.ಮೀ. ಎತ್ತರದಲ್ಲೂ ನಡೆದಿದೆ.

ಹ್ಯಾಮ್ ರೇಡಿಯೋ ಎಂದರೆ ಸರ್ಕಾರದ ಪರವಾನಗಿ ಪಡೆದ ಹವ್ಯಾಸಿಗಳು, ಹಣದ ಆಸೆಯಿಲ್ಲದೆ, ಪರಸ್ಪರ ಮಾತಾಡುವ ರೇಡಿಯೋ. ಈ ಹವ್ಯಾಸಿಗಳು ತಮ್ಮದೇ ಉಪಗ್ರಹವನ್ನೂ ಮಾಡಿದರು. ಮೊದಲನೆಯದಾದ ಆಸ್ಕರ್-1, 1961ರ ಡಿಸೆಂಬರ್ 12ರಂದು ಅಮೆರಿಕದಿಂದ ಹಾರಿತು. ಅದು ಬರೀ ಸಂಕೇತ ಕಳಿಸುತ್ತಿತ್ತು. ಅದರಲ್ಲಿ ಹಂಚಿಕೊಳ್ಳಲು ಏನೂ ಇರಲಿಲ್ಲ. 1965ರ ಆಸ್ಕರ್-3 ಮಾತ್ರ ಕೆಳಗಿನ ದನಿಯನ್ನು ಹಿಡಿದು ತಿರುಗಿ ಕೆಳಗೆ ಬಿಡುವ ಯಂತ್ರ ಹೊತ್ತಿತ್ತು. ಇದಕ್ಕೆ ಟ್ರಾನ್ಸ್‌ಪಾಂಡರ್ ಎನ್ನುತ್ತಾರೆ. ಹಂಚಿಕೆಯ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಟ್ರಾನ್ಸ್‌ಪಾಂಡರಿಗೆ ಯಾರು ಮಾತಾಡುತ್ತಿದ್ದಾರೆ ಎಂಬ ಅರಿವಿಲ್ಲ. ಬಂದ ದನಿಗಳನ್ನೆಲ್ಲ ಒಟ್ಟಿಗೆ ಹಿಗ್ಗಿಸಿ ಕಳಿಸುತ್ತದೆ. ಅದರ ಶಕ್ತಿ ಬಹಳವೆಂದರೆ ಒಂದೆರಡು ಬಲ್ಬಿನಷ್ಟು. ಒಬ್ಬ ಭಾರೀ ಶಕ್ತಿಯಲ್ಲಿ ಕೂಗಿದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಎಲ್ಲರ ದನಿಯನ್ನೂ ತಗ್ಗಿಸುತ್ತದೆ. ಕೂಗಿದವನು ಕೇಳಿಸುತ್ತಾನೆ, ಕೈಯಲ್ಲಿ ಸಣ್ಣ ಆಂಟೆನಾ ಹಿಡಿದು ನಿಂತ ವಿದ್ಯಾರ್ಥಿ ಮುಳುಗಿಹೋಗುತ್ತಾನೆ. ನಮ್ಮ ಟಿ.ಸಿ.ಯ ಕಥೆಯೇ.

ಇನ್ನೊಂದು ಜಾತಿಯ ಉಪಗ್ರಹಕ್ಕೆ ಒಂದೇ ಒಂದು ಎಫ್.ಎಂ. ಚಾನೆಲ್. ಅಲ್ಲಿ ಒಂದು ಸಲಕ್ಕೆ ಒಬ್ಬರೇ, ಅದೂ ಹೆಚ್ಚು ಜೋರಿದ್ದವರು. ದತ್ತ ಜಯಂತಿಯ ಜಾತ್ರೆಯಲ್ಲಿ ಒಂದು ಅಂಗಡಿಯ ಮೈಕು ಜೋರಾದರೆ ಪಕ್ಕದವನದು ಯಾರಿಗೂ ಕೇಳದು, ಹಾಗೆ.

ದಿನನಿತ್ಯ ಇದು ಸಂಭಾಳಿಸಿಕೊಂಡು ಹೋಗುವ ಮಾತು. ಕಷ್ಟ ಬರುವುದು ಸ್ಪರ್ಧೆಯ ದಿನ. ಅಮೆರಿಕದ ಹವ್ಯಾಸಿಗಳು 1933ರಿಂದ ಜೂನ್ ತಿಂಗಳಲ್ಲಿ 'ಫೀಲ್ಡ್ ಡೇ' ನಡೆಸುತ್ತಾರೆ. ಬಯಲಿನಲ್ಲಿ ಡೇರೆ ಹಾಕಿ, ಜನರೇಟರ್ ಬ್ಯಾಟರಿಗಳ ಮೇಲೆ ಆದಷ್ಟು ಹೆಚ್ಚು ಜನರನ್ನು ಸಂಪರ್ಕಿಸಬೇಕು. ಉಪಗ್ರಹದ ಮೂಲಕ ಒಂದೇ ಒಂದು ಸಂಪರ್ಕ ಆದರೂ 100 ಅಂಕದ ಬೋನಸ್. ಉಪಗ್ರಹ ಒಂದು ಊರಿನ ಮೇಲೆ ಹಾದುಹೋಗಲು ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಇಡೀ ಖಂಡದ ಡೇರೆಗಳೆಲ್ಲ ಒಟ್ಟಿಗೆ ಕೂಗಿದರೆ ಏನಾದೀತು? ಅದಕ್ಕೇ ನಿಯಮ ಬಂತು: ಒಂದೇ ಚಾನೆಲ್ಲಿನ ಎಫ್.ಎಂ. ಉಪಗ್ರಹದಲ್ಲಿ ಪ್ರತಿ ತಂಡಕ್ಕೂ ಒಂದೇ ಸಂಪರ್ಕ. ಆಯಿತೆಂದರೆ ಪಕ್ಕಕ್ಕೆ ಸರಿಯಬೇಕು. ನನ್ನ ಮಟ್ಟಿಗೆ ಇದು ಒಳ್ಳೆಯ ನಿಯಮ. ಆದರೆ ಬೋನಸ್ ಇಟ್ಟವರೇ ನೂಕುನುಗ್ಗಲನ್ನೂ ಕರೆದರು ಎಂಬುದನ್ನೂ ಹೇಳಬೇಕು.

ನಮ್ಮ ರಾಜ್ಯಕ್ಕೂ ಇದಕ್ಕೂ ನೇರ ನಂಟಿದೆ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿ.ಎಸ್.ಎಲ್.ವಿ.-ಸಿ6 ರಾಕೆಟ್ಟು ಕಾರ್ಟೊಸ್ಯಾಟ್-1ರ ಜೊತೆಗೆ 42.5 ಕೆ.ಜಿ. ತೂಕದ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನು ಒಯ್ದಿತು. ಭಾರತದ ಹವ್ಯಾಸಿಗಳಿಗೆಂದೇ ಇಸ್ರೋ ಅದನ್ನು ಬೆಂಗಳೂರಿನಲ್ಲಿ ಕಟ್ಟಿತ್ತು. ಆಗ ನಾನು ಇದೇ ಶಾಲೆಯ ವಿದ್ಯಾರ್ಥಿ. ಬೇಸಿಗೆ ರಜೆ ಬೇರೆ. ಅದರಲ್ಲಿ ಎರಡು ಟ್ರಾನ್ಸ್‌ಪಾಂಡರುಗಳಿದ್ದವು. ಒಂದು ನಮ್ಮವರು ಮಾಡಿದ್ದು. ಇನ್ನೊಂದನ್ನು ಮಾಡಿದ್ದು ವಿಲಿಯಂ ಲೈಯನಾರ್ ಎಂಬ ನೆದರ್ಲೆಂಡ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿ. ಒಬ್ಬ ವಿದ್ಯಾರ್ಥಿ ಕೈಯಾರೆ ಮಾಡಿದ್ದನ್ನು ನಮ್ಮ ರಾಕೆಟ್ಟು ಹೊತ್ತಿತೆಂಬುದು ಈ ಶಾಲೆಯ ಮಕ್ಕಳು ಗಮನಿಸಬೇಕಾದ ಸಂಗತಿ.

ಹ್ಯಾಮ್‌ಸ್ಯಾಟ್‌ನ ಶಕ್ತಿ ಒಂದು ವ್ಯಾಟ್. ಸುಮಾರು 60 ಕಿಲೋಹರ್ಟ್ಸ್ ಅಗಲದ ದಾರಿ. ಒಂದು ದನಿಗೆ ಮೂರರಷ್ಟು ಬೇಕು. ಲೆಕ್ಕದಲ್ಲಿ ಇಪ್ಪತ್ತು ಮಾತು ಹಿಡಿಸಬೇಕು. ಆ ಒಂದು ವ್ಯಾಟನ್ನು ಇಪ್ಪತ್ತರಿಂದ ಭಾಗಿಸಿ ನೋಡಿ, ಒಬ್ಬೊಬ್ಬರ ಪಾಲು ತಿಳಿಯುತ್ತದೆ. ಭಾರತೀಯರಿಗೆಂದು ಕಟ್ಟಿದ್ದರೂ ಅದು ಭೂಮಿಯನ್ನೆಲ್ಲ ಸುತ್ತುತ್ತಿದ್ದುದರಿಂದ ಯಾವ ದೇಶದ ಹವ್ಯಾಸಿಗೂ ಬೇಲಿ ಇರಲಿಲ್ಲ. ಎರಡು ವರ್ಷ ಬಾಳಲೆಂದು ಬಿಟ್ಟದ್ದು ಒಂಬತ್ತು ವರ್ಷ ನಡೆದು, ಬ್ಯಾಟರಿ ಕೆಟ್ಟು 2014ರ ಜುಲೈಯಲ್ಲಿ ಮೌನವಾಯಿತು.

ಇದು ಬರೀ ಆಟದ ಮಾತಲ್ಲ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅಂಡಮಾನಿಗೆ ಹೋಗಿದ್ದರು. ಅಂಥ ಅಪರೂಪದ ದ್ವೀಪದೊಂದಿಗೆ ಒಂದು ಸಂಪರ್ಕಕ್ಕಾಗಿ ಲೋಕದ ಹವ್ಯಾಸಿಗಳು ಮುಗಿಬೀಳುವ ಹೊತ್ತು. 26ರ ಬೆಳಿಗ್ಗೆ ಸುನಾಮಿ ಬಂತು. ಅವರು ಹವ್ಯಾಸವನ್ನು ಅಲ್ಲಿಗೇ ಬಿಟ್ಟು, ಅದೇ ಯಂತ್ರಗಳಲ್ಲಿ ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸತೊಡಗಿದರು. ಸ್ಪರ್ಧೆಯಲ್ಲಿ ಸರಿದು ನಿಲ್ಲುವ ರೂಢಿ ಇರದಿದ್ದರೆ ಇಂಥ ದಿನ ದಾರಿ ಬಿಡುವವರಾರು?

ನಮ್ಮ ಭಾಗದ ಹಿರಿಯರು ಹಂಚಿಕೊಂಡ ಉಪಗ್ರಹವನ್ನು ಇನ್ನೂ ಮೊದಲೇ ಕಂಡವರು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕ ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ನಮಗೆ ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು, ಅವುಗಳಲ್ಲಿ ಪಕ್ಕದ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳೂ ಇದ್ದವು. ದಿನಕ್ಕೆ ನಾಲ್ಕು ಗಂಟೆ ಮಾತ್ರ, ಅದರಲ್ಲೇ ಹಿಂದಿ, ಒಡಿಯಾ, ತೆಲುಗು, ಕನ್ನಡಗಳಿಗೆ ಪಾಲು. ಅಲ್ಲಿ ಪಾಳಿಯನ್ನು ಸರ್ಕಾರ ಬರೆದಿತ್ತು. ಹ್ಯಾಮ್‌ಗಳಿಗೆ ಹಾಗೆ ಬರೆದುಕೊಡುವವರಿಲ್ಲ.

ನಿಯಮದಿಂದಾಗದ್ದನ್ನು ಯಂತ್ರದಿಂದ ಮಾಡಲು ಹೊರಟವರು ಜರ್ಮನಿಯ ಹವ್ಯಾಸಿಗಳು. ಅವರ 'ಲೈಲಾ' ಎಂಬ ಏರ್ಪಾಟು ಮಿತಿ ಮೀರಿದ ದನಿಯನ್ನು ಗುರುತಿಸಿ ಅದರ ಮೇಲೆಯೇ ಸೈರನ್ ಊದುತ್ತದೆ. 2018ರ ನವೆಂಬರಿನಲ್ಲಿ ಹಾರಿದ ಕತಾರಿನ ಉಪಗ್ರಹದಲ್ಲಿರುವ ಕ್ಯೂ.ಓ.-100 ಟ್ರಾನ್ಸ್‌ಪಾಂಡರಿಗೆ ಈ ಕಾವಲಿದೆ. ಅಲ್ಲಿಯ ಕಟ್ಟಳೆ ಸರಳ: ಉಪಗ್ರಹದ ದಾರಿದೀಪದ ಸಂಕೇತಕ್ಕಿಂತ ನಿನ್ನ ದನಿ ಜೋರಾಗಕೂಡದು. ಸಾಫ್ಟ್‌ವೇರಿನವನಾದ ನನಗೆ ಇದು ಹಿಡಿಸಿತು. ತಪ್ಪಿದವನಿಗೆ ಆಗಲೇ, ಎಲ್ಲರೆದುರಿಗೆ ಗೊತ್ತಾಗುತ್ತದೆ.

1974ರ ನವೆಂಬರ್ 15ರಂದು ಹಾರಿದ ಆಸ್ಕರ್-7ಕ್ಕೆ ಇಂಥ ಕಾವಲೇನೂ ಇಲ್ಲ. ಹೆಚ್ಚುಕಡಿಮೆ ನಮ್ಮ ಶಾಲೆಯ ಓರಗೆಯದು. 1981ರಲ್ಲಿ ಬ್ಯಾಟರಿ ಕೆಟ್ಟು ಸತ್ತಿತೆಂದು ಬಿಟ್ಟಿದ್ದರು. 2002ರಲ್ಲಿ ತಾನಾಗಿ ಎದ್ದು ಮಾತಾಡಿತು. ಬ್ಯಾಟರಿಯ ಆಸರೆಯಿಲ್ಲದೆ ಬಿಸಿಲಲ್ಲಿ ಮಾತ್ರ ನಡೆಯುವ ಅದರ ಮೇಲೆ ಯಾರಾದರೂ ಅತಿಯಾಗಿ ಕೂಗಿದರೆ ಎಲ್ಲರ ದನಿಯೂ ನಡುಗಿ ಒಡೆಯುತ್ತದೆ.

ಕ್ಯೂ.ಓ.-100 ಮಾಣಿಕನಗರಕ್ಕೂ ಕಾಣುತ್ತದೆ. ನಮ್ಮ ಶಾಲೆಯ ಮಾಳಿಗೆಯಿಂದ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ ಅದು ಸದಾ ನಿಂತಿರುತ್ತದೆ. 12 ವರ್ಷ ತುಂಬಿದವರು ಪರವಾನಗಿಯ ಪರೀಕ್ಷೆಗೆ ಕೂಡಬಹುದು.