ಗೇಟು ತೆರೆದ ಮೇಲೂ ಸತ್ತವರು

1/4

ಮೊದಲ ಫೋಟೋದಲ್ಲಿರೋ ಬೋರ್ಡ್ ನೋಡಿ. ಉತ್ತರ ಜರ್ಮನಿಯ ಬರ್ಗನ್-ಬೆಲ್ಸನ್ ಯಾತನಾ ಶಿಬಿರದ ಜಾಗದಲ್ಲಿ 1945ರಲ್ಲಿ ಬ್ರಿಟಿಷ್ ಸೈನ್ಯ ನೆಟ್ಟಿದ್ದು. ಅದರಲ್ಲಿ ಎರಡು ಸಂಖ್ಯೆಗಳಿವೆ. ಸೈನ್ಯ ಬಂದಾಗ ಹೂಳದೆ ಬಿದ್ದಿದ್ದ ಹೆಣಗಳು 10,000. ಆಮೇಲೆ ಸತ್ತವರು 13,000.

ಎರಡನೇ ಸಂಖ್ಯೆಯನ್ನ ಇನ್ನೊಂದು ಸಲ ಓದಿ. ಅವರು ಸತ್ತಿದ್ದು ಬಿಡುಗಡೆ ಆದ ನಂತರ. ಕಾವಲುಗಾರರು ಸೆರೆ ಸಿಕ್ಕಿದ್ದರು, ಡಾಕ್ಟರುಗಳು ಬಂದಿದ್ದರು, ಲಾರಿಗಟ್ಟಲೆ ಊಟ ಬಂದಿತ್ತು. ಆದ್ರೂ ಸತ್ತರು. ಸಿನಿಮಾದಲ್ಲಿ ಟ್ಯಾಂಕು ಗೇಟು ದಾಟಿದ ಕೂಡಲೇ ಸಂಗೀತ ಶುರುವಾಗಿ ಕಥೆ ಮುಗಿಯುತ್ತೆ. ಅಲ್ಲಿದ್ದ ಸೈನಿಕರ ನೆನಪುಗಳಲ್ಲಿ ಕಥೆ ಶುರುವಾಗೋದೇ ಅಲ್ಲಿಂದ.

ಈ ಸಲ ಅಂಥ ಒಬ್ಬರ ಜೊತೆ ಹೋಗೋಣ. ಹೆಸರು ಲೆಫ್ಟಿನೆಂಟ್ ಕರ್ನಲ್ ಮರ್ವಿನ್ ಗೋನಿನ್. ಬಂದೂಕು ಹಿಡಿದವರಲ್ಲ, ಸೇನೆಯ ಡಾಕ್ಟರು. 11ನೇ ಲೈಟ್ ಫೀಲ್ಡ್ ಆಂಬ್ಯುಲೆನ್ಸ್ ಅನ್ನೋ ವೈದ್ಯಕೀಯ ತುಕಡಿಯ ಮುಖ್ಯಸ್ಥರು. ಅವರು ಬರೆದಿಟ್ಟದ್ದು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ.

2/4

ಬೆಲ್ಸನ್‌ನಲ್ಲಿ ಗ್ಯಾಸ್ ಚೇಂಬರ್ ಇರ್ಲಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. 1943ರಲ್ಲಿ ನಾಜಿಗಳು ಈ ಜಾಗ ಮಾಡಿದ್ದು, ಕೆಲವು ಯಹೂದಿಗಳನ್ನ ಇಲ್ಲಿಟ್ಟುಕೊಂಡು ಹೊರದೇಶಗಳಲ್ಲಿ ಸಿಕ್ಕಿಬಿದ್ದ ಜರ್ಮನ್ನರಿಗೆ ಬದಲಾಗಿ ಕೊಡೋಣ ಅಂತ. 1944ರ ಕೊನೆಗೆ ಪೂರ್ವದಿಂದ ಸೋವಿಯತ್ ಸೈನ್ಯ ಒತ್ತಿಕೊಂಡು ಬಂತು. ಆಗ ಆಶ್ವಿತ್ಸ್ ಮತ್ತು ಬೇರೆ ಶಿಬಿರಗಳ ಖೈದಿಗಳನ್ನ ನಡೆಸಿಕೊಂಡು, ರೈಲು ಡಬ್ಬಿಗಳಲ್ಲಿ ತುರುಕಿಕೊಂಡು ಇಲ್ಲಿಗೆ ತಂದು ಸುರಿದರು. ಡಿಸೆಂಬರ್‌ನಲ್ಲಿ 15,000 ಇದ್ದವರು ಏಪ್ರಿಲ್ ಹೊತ್ತಿಗೆ 60,000ದ ಹತ್ತಿರ. ಊಟ ಇಲ್ಲ, ಕಕ್ಕಸು ಇಲ್ಲ, ಕೊನೆಯ ದಿನಗಳಲ್ಲಿ ಕುಡಿಯೋ ನೀರೂ ಇಲ್ಲ. ಅದರ ಮೇಲೆ ಟೈಫಸ್. (ಟೈಫಾಯ್ಡ್ ಅಲ್ಲ, ಹೇನಿನಿಂದ ಹರಡೋ ಜ್ವರ.) ಡೈರಿಯಿಂದ ನಿಮಗೆಲ್ಲ ಗೊತ್ತಿರೋ ಆನ್ ಫ್ರಾಂಕ್ ಮತ್ತು ಅವಳ ಅಕ್ಕ ಮಾರ್ಗಟ್ ಸತ್ತಿದ್ದು ಇಲ್ಲೇ, ಬಿಡುಗಡೆಗೆ ಸ್ವಲ್ಪ ಮುಂಚೆ.

ಆ ಟೈಫಸ್ ಹೊರಗೆ ಹರಡೀತು ಅನ್ನೋ ಭಯಕ್ಕೆ ಜರ್ಮನ್ ಸೈನ್ಯವೇ ಏಪ್ರಿಲ್ 12ರಂದು ಬ್ರಿಟಿಷರ ಜೊತೆ ಒಪ್ಪಂದ ಮಾಡ್ಕೊಂಡು ಶಿಬಿರ ಬಿಟ್ಟುಕೊಡ್ತು. ಹಾಗಾಗಿ ಏಪ್ರಿಲ್ 15ರಂದು ಅಲ್ಲಿ ಯಾವ ಯುದ್ಧವೂ ನಡೀಲಿಲ್ಲ. ಮೊದಲು ಒಳಗೆ ಹೋದವರಲ್ಲಿ ಧ್ವನಿವರ್ಧಕ ಕಟ್ಟಿದ ಗಾಡಿಯ ಕ್ಯಾಪ್ಟನ್ ಡೆರಿಕ್ ಸಿಂಗ್ಟನ್ ಒಬ್ಬರು. ನೀವು ಸ್ವತಂತ್ರರು ಅಂತ ಕೂಗಿ ಹೇಳೋದು ಅವರ ಕೆಲಸ. ಕೇಳಿಸಿಕೊಂಡು ಎದ್ದು ನಿಲ್ಲೋ ಶಕ್ತಿ ಎಷ್ಟೋ ಜನಕ್ಕೆ ಇರ್ಲಿಲ್ಲ.

ಬಿಬಿಸಿಯ ರಿಚರ್ಡ್ ಡಿಂಬಲ್ಬಿ ಕಂಡದ್ದನ್ನ ಕಂಡ ಹಾಗೆ ಹೇಳಿ ವರದಿ ಕಳಿಸಿದರೆ, ಅವರ ಕಚೇರಿಯವರೇ ಮೊದಮೊದಲು ಪ್ರಸಾರ ಮಾಡೋಕೆ ಹಿಂಜರಿದರು. ರಾಜೀನಾಮೆ ಕೊಡ್ತೀನಿ ಅಂದಮೇಲೆ ಪ್ರಸಾರ ಆಯ್ತು.

3/4

ಇದು ಓದೋಕೆ ಕಷ್ಟದ ಭಾಗ.

ಬಹಳ ದಿನ ಉಪವಾಸ ಬಿದ್ದವರಿಗೆ ಮೊದಲು ಗಂಜಿ ತಿಳಿ ಕೊಡಬೇಕು, ಒಮ್ಮೆಲೇ ಅನ್ನ ಇಡಬಾರದು ಅಂತ ನಮ್ಮ ಮನೆ ಹಿರಿಯರು ಹೇಳ್ತಾರಲ್ವಾ? ಆ ಸೈನಿಕರಲ್ಲಿ ಹೆಚ್ಚಿನವರು ಎಳೇ ಹುಡುಗರು. ಎಲುಬಿನ ಗೂಡಿನಂಥ ಮನುಷ್ಯ ಕೈ ಚಾಚಿದಾಗ ಜೇಬಲ್ಲಿದ್ದದ್ದನ್ನ ಕೊಟ್ಟರು. ಡಬ್ಬಿ ಮಾಂಸ, ಕೊಬ್ಬು, ಚಾಕಲೇಟು. ಬತ್ತಿಹೋದ ಕರುಳು ಅದನ್ನ ತಡೆಯಲಿಲ್ಲ. ತಿಂದವರಲ್ಲಿ ಎಷ್ಟೋ ಜನ ಸತ್ತರು. ಕೊಟ್ಟವರದ್ದು ತಪ್ಪು ಅಂತ ನನಗೆ ಅನ್ಸಲ್ಲ. ಆದರೆ ಆ ಹುಡುಗರು ಮುದುಕರಾಗೋ ತನಕ ಅದನ್ನ ಹೊತ್ತುಕೊಂಡೇ ಬದುಕಿರಬೇಕು.

ಮುಂದಿನ ಪ್ರಯತ್ನದಲ್ಲಿ ನಮ್ಮ ದೇಶದ ಹೆಸರು ಬರುತ್ತೆ. ಅಕ್ಕಿ, ಸಕ್ಕರೆಯ ಒಂದು ಮಿಶ್ರಣ. ಅದರ ಹೆಸರು ಬೆಂಗಾಲ್ ಫ್ಯಾಮಿನ್ ಮಿಕ್ಸ್ಚರ್. 1943ರ ಬಂಗಾಳದ ಬರಗಾಲದಲ್ಲಿ ಹಸಿದವರ ಮೇಲೆ ಪ್ರಯೋಗಿಸಿ ಕಲಿತದ್ದು. 30 ಲಕ್ಷದಷ್ಟು ಜನ ಸತ್ತರು ಅಂತ ಅಂದಾಜಿರೋ ಬರಗಾಲ ಅದು, ಆಳ್ತಾ ಇದ್ದದ್ದು ಇದೇ ಬ್ರಿಟಿಷ್ ಸರ್ಕಾರ. ಹಸಿವಿನಿಂದ ಸಾಯೋರನ್ನ ಉಳಿಸೋ ಪಾಠ ಬಂಗಾಳದ ಹೆಣಗಳ ನಡುವೆ ಕಲಿತು ಜರ್ಮನಿಗೆ ಒಯ್ದರು. ಬೆಲ್ಸನ್‌ನ ಜನಕ್ಕೆ ಆ ಸಿಹಿ ಹಿಡಿಸಲಿಲ್ಲ, ವಾಕರಿಕೆ ಬಂತು. ಪೂರ್ವ ಯುರೋಪಿನವರ ನಾಲಿಗೆಗೆ ಒಗ್ಗಿದ ಪ್ಯಾಪ್ರಿಕಾ, ಅಂದ್ರೆ ಅವರ ಕಡೆಯ ಮೆಣಸಿನಪುಡಿ, ಬೆರೆಸಿದ ಮೇಲೆ ಒಂದಷ್ಟು ಒಳಗೆ ಹೋಯ್ತು.

ಬಾಯಲ್ಲಿ ಇಳಿಯದವರಿಗೆ ಸೂಜಿ ಚುಚ್ಚಿ ಡ್ರಿಪ್ ಕೊಡೋಣ ಅಂದ್ರೆ ಅವರು ಕಿರುಚಾಡ್ತಿದ್ರು. ಯಾಕೆ ಗೊತ್ತಾ? ನಾಜಿ ಶಿಬಿರಗಳಲ್ಲಿ ಡಾಕ್ಟರ್ ಸೂಜಿ ಹಿಡಿದು ಬಂದ ಅಂದ್ರೆ ಕೊಲ್ಲೋಕೆ ಬಂದ ಅಂತ ಅರ್ಥ.

ಎಲ್ಲರನ್ನೂ ಎತ್ತಿ ಸಾಗಿಸೋಷ್ಟು ಜನ ಇಲ್ಲ, ಮಂಚಗಳಿಲ್ಲ. ಹಾಗಾಗಿ ಒಬ್ಬ ಡಾಕ್ಟರ್ ಪ್ರತಿ ಗುಡಿಸಲಿಗೆ ಹೋಗಿ, ಸಾಗಿಸಿದರೆ ಬದುಕಬಹುದು ಅನ್ನಿಸಿದವರ ಹಣೆ ಮೇಲೆ ಒಂದು ಗುರುತು ಹಾಕ್ತಿದ್ದ. ರೋಗ ಏನು ಅಂತ ನೋಡೋಕೆ ಪುರುಸೊತ್ತಿಲ್ಲ. ಗುರುತು ಇದ್ದವರನ್ನ ಕುದುರೆ ಲಾಯಕ್ಕೆ ಒಯ್ದು, ಮೇಜಿನ ಮೇಲೆ ಮಲಗಿಸಿ, ಕೂದಲು ತೆಗೆದು, ತೊಳೆದು, ಹೇನಿಗೆ ಡಿಡಿಟಿ ಪುಡಿ ಹಾಕ್ತಿದ್ರು. ತೊಳೆಯೋ ಕೆಲಸ ಜರ್ಮನ್ ನರ್ಸುಗಳಿಗೆ. ಸೈನಿಕರು ಆ ಜಾಗಕ್ಕೆ ಇಟ್ಟ ಹೆಸರು ‘ಮನುಷ್ಯರ ಲಾಂಡ್ರಿ’. ಗುರುತು ಸಿಗದೆ ಗುಡಿಸಲಲ್ಲೇ ಉಳಿದವರು ತಮ್ಮನ್ನ ದಾಟಿ ಹೋದ ಡಾಕ್ಟರನ್ನ ನೋಡ್ತಾ ಮಲಗಿದ್ರು.

ಏಪ್ರಿಲ್ ತಿಂಗಳು ಮುಗಿಯೋಷ್ಟರಲ್ಲಿ 9,000 ಜನ ಸತ್ತರು. ಜೂನ್ ಕೊನೆಗೆ ಇನ್ನೂ 4,000.

4/4

ಗೋನಿನ್ ಬರೆದದ್ದರಲ್ಲಿ ಜನ ಅತಿ ಹೆಚ್ಚು ನೆನಪಿಟ್ಟುಕೊಂಡಿರೋದು ಇದು.

ರೆಡ್ ಕ್ರಾಸ್ ಬಂದ ಸ್ವಲ್ಪ ದಿನಕ್ಕೆ ಪೆಟ್ಟಿಗೆಗಳು ಬಂದವು. ಔಷಧಿ, ಬಟ್ಟೆ, ಹಾಸಿಗೆ, ಸಾವಿರ ಸಾಮಾನಿಗೆ ಡಾಕ್ಟರುಗಳು ಒದ್ದಾಡ್ತಾ ಇದ್ದಾರೆ. ಪೆಟ್ಟಿಗೆ ತೆರೆದರೆ ಲಿಪ್‌ಸ್ಟಿಕ್! ರಾಶಿ ರಾಶಿ. ಇದನ್ನ ಕಳಿಸಿ ಅಂತ ಕೇಳಿದವರು ಯಾರು ಅಂತ ಗೋನಿನ್‌ಗೂ ಗೊತ್ತಾಗಲಿಲ್ಲ. ಆಮೇಲೆ ಕಂಡದ್ದನ್ನ ಅವರು ಬರೀತಾರೆ: ಮೈಮೇಲೆ ಬಟ್ಟೆ ಇಲ್ಲ, ಹಾಸಿಗೆಗೆ ಬೆಡ್‌ಶೀಟ್ ಇಲ್ಲ, ಆದರೆ ಹೆಂಗಸರ ತುಟಿ ಕೆಂಪಗಿದೆ. ಹೆಗಲ ಮೇಲೊಂದು ಕಂಬಳಿ ಬಿಟ್ಟರೆ ಏನೂ ಇಲ್ಲದೆ ಓಡಾಡೋರ ತುಟಿಯೂ ಕೆಂಪು. ಕಳಿಸಿದವರು ಯಾರೋ ಮಹಾ ಜಾಣರು ಅನ್ನೋದು ಅವರ ಅಭಿಪ್ರಾಯ. ಆ ಹೆಂಗಸರನ್ನ ಮತ್ತೆ ಮನುಷ್ಯರನ್ನಾಗಿ ಮಾಡೋ ಕೆಲಸ ಶುರು ಮಾಡಿದ್ದು ಆ ಲಿಪ್‌ಸ್ಟಿಕ್, ತೋಳಿನ ಮೇಲಿನ ನಂಬರಿನ ಆಚೆಗೆ ಅವರು ಯಾರೋ ಒಬ್ಬರಾದರು ಅಂತಾರೆ. (ತೋಳಿಗೆ ನಂಬರ್ ಹಚ್ಚೆ ಹಾಕ್ತಿದ್ದದ್ದು ಆಶ್ವಿತ್ಸ್‌ನಲ್ಲಿ. ಅಲ್ಲಿಂದ ದಾಟಿ ಬಂದವರು ಇವರು.)

ಹೀಗೆ ಅಂದ ಮಾತ್ರಕ್ಕೆ ಎಲ್ಲರೂ ಬದುಕಿದರು ಅಂದ್ಕೋಬೇಡಿ. ಶವಪರೀಕ್ಷೆಯ ಮೇಜಿನ ಮೇಲೆ ಒಬ್ಬ ಹೆಂಗಸಿನ ದೇಹವನ್ನೂ ಗೋನಿನ್ ನೋಡಿದರು. ಅವಳ ಮುಷ್ಟಿಯಲ್ಲಿ ಲಿಪ್‌ಸ್ಟಿಕ್ಕಿನ ಒಂದು ತುಂಡು ಇತ್ತು.

ಮೇ 21ರಂದು ಕೊನೆಯ ಗುಡಿಸಲಿಗೆ ಬೆಂಕಿ ಹಚ್ಚಿದರು. ಶಿಬಿರದ ಕಮಾಂಡರ್ ಯೋಸೆಫ್ ಕ್ರಾಮರ್‌ನ ವಿಚಾರಣೆ ಸೆಪ್ಟೆಂಬರ್‌ನಲ್ಲಿ ಲ್ಯೂನೆಬರ್ಗ್ ಊರಲ್ಲಿ ಶುರುವಾಯ್ತು, ಡಿಸೆಂಬರ್‌ನಲ್ಲಿ ಗಲ್ಲಾಯ್ತು. ಆ ಕೋರ್ಟಿನ ಕಥೆ ಮುಂದಿನ ಪೋಸ್ಟ್‌ಗಳಲ್ಲಿ.