ಉದ್ಗಾರನಿರೋಧ ವಿಚಾರ

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ತಡೆಯಬಾರದ 13 ವೇಗಗಳು ಉಕ್ತವಾಗಿವೆ. ಉದ್ಗಾರ, ಎಂದರೆ ತೇಗು, ಅವುಗಳಲ್ಲೊಂದು. ಅದನ್ನು ತಡೆದರೆ ಬಿಕ್ಕಳಿಕೆ, ಉಬ್ಬಸ, ಅರುಚಿ, ನಡುಕ, ಎದೆಯ ಬಿಗಿತ ಇವು ಉಂಟಾಗುವುವೆಂದೂ ಬಿಕ್ಕಳಿಕೆಯ ಚಿಕಿತ್ಸೆಯೇ ಇದಕ್ಕೂ ಸಲ್ಲುವುದೆಂದೂ ಅಲ್ಲಿ ಹೇಳಿದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇದನ್ನೇ ಬಹುಮಟ್ಟಿಗೆ ಅನುಸರಿಸಿ, ಉಬ್ಬಸವನ್ನು ಬಿಟ್ಟು, ಕೆಮ್ಮನ್ನೂ ಆಧ್ಮಾನವನ್ನೂ ಸೇರಿಸಿರುವನು. ಆಧ್ಮಾನವೆಂದರೆ ಹೊಟ್ಟೆಯುಬ್ಬರ. ಈ ಸೇರಿಕೆ ಅಲ್ಪವಲ್ಲ. ರೋಗಿಯನ್ನು ಕಣ್ಣಾರೆ ಕಂಡ ವೈದ್ಯನಿಗಲ್ಲದೆ ಅದು ತೋರದು.

ಆದರೆ ಈರ್ವರೂ ಹೇಳುವುದು ಬುದ್ಧಿಪೂರ್ವಕವಾಗಿ ತಡೆದ ತೇಗನ್ನು. ಎಂದೂ ತೇಗಲಾರದವರಿಗೆ ಆ ನಿಷೇಧದಿಂದ ಏನು ಪ್ರಯೋಜನ? ಅನ್ನನಾಳದ ಮೇಲ್ತುದಿಯನ್ನು ಸುತ್ತಿದ ಮಾಂಸಪೇಶಿಯೊಂದುಂಟು. ತುತ್ತು ಇಳಿಯುವಾಗ ಸಡಿಲುವ ಅದು ಕೆಲವರಲ್ಲಿ ಗಾಳಿ ಮೇಲೇರುವಾಗ ಸಡಿಲದು. ಗಂಟಲಲ್ಲಿ ಗುಡುಗುಡು ಶಬ್ದ, ಎದೆನೋವು, ಉಂಡೊಡನೆ ಹೊಟ್ಟೆಯುಬ್ಬರ: ಇದು ಅವರ ನಿತ್ಯದ ಪಾಡು, ಪಂಕ್ತಿಭೋಜನಕ್ಕೂ ಅಂಜುವಂತಾಗುವುದು. ಈ ವ್ಯಾಧಿಯನ್ನು ಪ್ರಾಚೀನ ಆಚಾರ್ಯರಿಗೆ ಆರೋಪಿಸುವುದು ಯುಕ್ತವಲ್ಲ. 1987ರಲ್ಲಿ ಅಮೆರಿಕದ ವೈದ್ಯರು ಇಂತಹ ಎದೆನೋವನ್ನು ವರ್ಣಿಸಿದರು. 2019ರಲ್ಲಿ ರಾಬರ್ಟ್ ಬಾಸ್ಟಿಯನ್ ಮತ್ತು ಮೆಲಿಸ್ಸಾ ಸ್ಮಿತ್‌ಸನ್ ಎಂಬವರು 51 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಆ ಪೇಶಿಗೆ ಬೊಟುಲಿನಮ್ ವಿಷವನ್ನು ಅತ್ಯಲ್ಪವಾಗಿ ಚುಚ್ಚುವುದರಿಂದ ತೇಗುವ ಶಕ್ತಿ ಬರುವುದೆಂದು ತೋರಿಸಿದರು. ಆ ಮದ್ದಿನ ಬಲ ಕೆಲವು ತಿಂಗಳಲ್ಲಿ ಇಳಿದ ಬಳಿಕವೂ ಅನೇಕರಲ್ಲಿ ತೇಗು ಉಳಿಯಿತು.