ಕೈ ಉಳಿಯುವುದು, ಕೈ ಆಡುವುದು: ಬಳ್ಳಾರಿ ಸೀಮೆಯಿಂದ ಕಂಡ ಹಸ್ತ ಶಸ್ತ್ರಚಿಕಿತ್ಸೆಯ ಚರಿತ್ರೆ

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಕವಾಸ್‌ಜಿ ಎಂಬ ಮರಾಠ ಒಕ್ಕಲಿನವನ ಕುರಿತು ಒಂದು ವರದಿ ಬಂತು. ಮೂರನೆಯ ಮೈಸೂರು ಯುದ್ಧದಲ್ಲಿ ಆತ ಇಂಗ್ಲಿಷರ ದಂಡಿನ ಎತ್ತು ಹೊಡೆಯುವವನು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದನೆಂದು ಆ ವರದಿ ಹೇಳುತ್ತದೆ. ಪುಣೆಯ ಬಳಿ ಒಬ್ಬ ದೇಶಿ ವೈದ್ಯ ಹಣೆಯ ಚರ್ಮವನ್ನು ತಿರುಗಿಸಿ ತಂದು ಅವನಿಗೆ ಹೊಸ ಮೂಗು ಕಟ್ಟಿದ. ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆದವರೆಲ್ಲ ಆ ಮೂಗನ್ನು ಹಾಡಿ ಹೊಗಳಿದ್ದಾರೆ. ಅದೇ ಮನುಷ್ಯನ ಮೊಂಡುಗೈಯ ಬಗ್ಗೆ ಯಾರೂ ಎರಡನೆಯ ಮಾತು ಆಡಿಲ್ಲ. ಆಡಲು ಏನೂ ಇರಲಿಲ್ಲ. ಮೂಗಿಗೆ ಆಕಾರ ಬಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಕೈಗೆ ಬರೀ ಆಕಾರ ಬಂದರೆ ಅದು ಹೊರೆ. ಅಂದಿನ ವೈದ್ಯ, ಪಶ್ಚಿಮದವನಾಗಲಿ ಪೂರ್ವದವನಾಗಲಿ, ಕೈಯ ಮಟ್ಟಿಗೆ ಮಾಡಬಲ್ಲವನಾಗಿದ್ದುದು ರಕ್ತ ನಿಲ್ಲಿಸುವುದು, ಕೊಳೆತದ್ದನ್ನು ಕಡಿಯುವುದು, ಮುರಿದದ್ದನ್ನು ಕಟ್ಟುವುದು, ಇಷ್ಟೇ.

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳನ್ನು ಕಣ್ಣಮುಂದಿಟ್ಟುಕೊಂಡು ಈ ಚರಿತ್ರೆಯನ್ನು ಓದಲು ಕಾರಣವಿದೆ. ಹತ್ತಿ, ಭತ್ತ, ಮೆಣಸಿನಕಾಯಿ, ಜೀನ್ಸ್ ಹೊಲಿಗೆ – ಇಲ್ಲಿನ ದುಡಿಮೆಯೆಲ್ಲ ಕೈಯ ಮೇಲೆ ನಿಂತದ್ದು. ಈ ಊರುಗಳಲ್ಲಿ ಕೈ ಚಿಕಿತ್ಸೆಯ ಹಳೆಯ ಕಾಲ ಮುಗಿದು ಹೊಸದು ಬಂತು ಎನ್ನುವ ಹಾಗಿಲ್ಲ. ಎಲುಬು ಕಟ್ಟುವವನ ಜಗಲಿ, ಸರ್ಕಾರಿ ಆಸ್ಪತ್ರೆಯ ವಾರ್ಡು, ಸಣ್ಣ ರಕ್ತನಾಳಗಳನ್ನು ಹೊಲಿಯಲು ದೂರದ ಊರಿನಲ್ಲಿರುವ ಮೈಕ್ರೋಸ್ಕೋಪು ಮೂರೂ ಒಟ್ಟಿಗೇ ಇವೆ. ಒಬ್ಬನೇ ರೋಗಿ ಒಂದೇ ತಿಂಗಳಲ್ಲಿ ಮೂರನ್ನೂ ಹತ್ತಿ ಇಳಿದಿರಬಹುದು. ಈ ಕ್ಷೇತ್ರದ ನಿಜವಾದ ತಿರುವು ಹೊಸ ಕತ್ತಿ, ಹೊಸ ದಾರದಿಂದ ಬಂದದ್ದಲ್ಲ, ‘ಕೈ ಉಳಿಯಿತೆ?’ ಎನ್ನುತ್ತಿದ್ದವರು ‘ಕೈ ಆಡುತ್ತದೆಯೆ?’ ಎಂದು ಕೇಳತೊಡಗಿದಾಗ ಬಂದದ್ದು ಎಂಬುದು ನನ್ನ ವಾದ.

ಕಟ್ಟು

ಆ ಎರಡನೆಯ ಪ್ರಶ್ನೆ ಹಿಂದೆ ಯಾರಿಗೂ ಹೊಳೆದಿರಲಿಲ್ಲ ಎಂದರೆ ತಪ್ಪಾಗುತ್ತದೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯ ಮುರಿದ ಎಲುಬಿಗೆ ಮೀಸಲು. ಅಶ್ವತ್ಥ, ಅತ್ತಿ, ಮುತ್ತುಗ, ಬಿದಿರುಗಳ ತೊಗಟೆ ದಬ್ಬೆಗಳಿಂದ ಕಟ್ಟು ಹಾಕಬೇಕು, ಚಳಿಗಾಲದಲ್ಲಿ ಏಳು ದಿನಕ್ಕೆ, ಬೇಸಿಗೆಯಲ್ಲಿ ಮೂರು ದಿನಕ್ಕೆ ಬಿಚ್ಚಿ ಕಟ್ಟಬೇಕು, ಸಡಿಲಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು ನೋವು ಕೀವು ಎಂದು ಅಲ್ಲಿ ವಿಧಿಸಿದೆ. ಅಂಗೈಗೆ ಪೆಟ್ಟಾದವನಿಗೆ ಹೇಳಿದ ಕ್ರಮ ಇನ್ನೂ ಕುತೂಹಲಕರ. ಅವನು ಮೊದಲು ಮಣ್ಣಿನ ಮುದ್ದೆ ಹಿಡಿಯಬೇಕು, ಆಮೇಲೆ ಉಪ್ಪಿನ ಹೆಂಟೆ, ಕೈಗೆ ಬಲ ಬಂದ ಮೇಲೆ ಕಲ್ಲು. ಇಂದಿನ ಫಿಸಿಯೋಥೆರಪಿ ಕೋಣೆಯಲ್ಲಿ ಮೆತ್ತನೆಯ ಜೇಡಿಯಿಂದ ಗಟ್ಟಿ ಚೆಂಡಿಗೆ ಏರಿಸುವ ಕ್ರಮವೂ ಇದೇ. ಪುಸ್ತಕದ ಈ ಭಾಗ ಜನಪದಕ್ಕೆ ಇಳಿದದ್ದು ಮಾತ್ರ ಅರ್ಧಂಬರ್ಧ. ಕಟ್ಟು ಇಳಿಯಿತು, ಬಿಚ್ಚಿ ನೋಡುವ ಶಿಸ್ತು ಎಲ್ಲ ಕಡೆ ಇಳಿಯಲಿಲ್ಲ.

ರಾಯಲಸೀಮೆಗೆ ಅಂಟಿಕೊಂಡ ಬಳ್ಳಾರಿ ಭಾಗದಲ್ಲಿ ಈ ವಿದ್ಯೆಯ ದೊಡ್ಡ ಹೆಸರು ಪುತ್ತೂರು ಕಟ್ಟು. ಹಳೆಯ ಚಿತ್ತೂರು ಜಿಲ್ಲೆಯ ಪುತ್ತೂರಿನ ಮನೆತನವೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆಸಿಕೊಂಡು ಬಂದ ಚಿಕಿತ್ಸೆ ಇದು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರ ದಬ್ಬೆ, ಮೇಲೆ ಬಟ್ಟೆ. ಆ ಹೆಸರು ಹೊತ್ತ ಬೋರ್ಡುಗಳು ಕರ್ನಾಟಕದ ಊರೂರಲ್ಲಿವೆ. ಇದನ್ನು ಬರೀ ಮೌಢ್ಯವೆಂದು ತಳ್ಳಿಹಾಕುವವರು ಒಂದು ಸಂಗತಿ ಮರೆಯುತ್ತಾರೆ. ಅಂಗೈ ಊರಿ ಬಿದ್ದಾಗ ಆಗುವ ಮಣಿಕಟ್ಟಿನ ಮುರಿತವನ್ನು ಡಬ್ಲಿನ್ನಿನ ಅಬ್ರಹಾಂ ಕಾಲ್ಸ್ ವಿವರಿಸಿದ್ದು 1814ರಲ್ಲಿ. ಎಕ್ಸ್‌ರೇ ಬರಲು ಇನ್ನೂ 81 ವರ್ಷವಿತ್ತು. ಕಣ್ಣು, ಬೆರಳುಗಳೇ ಅವನ ಸಾಧನ. ಸೊಟ್ಟ ಹಾಗೇ ಉಳಿದರೂ ಕಾಲಾಂತರದಲ್ಲಿ ಕೈ ನೋವಿಲ್ಲದೆ ಚೆನ್ನಾಗಿ ಆಡುತ್ತದೆ ಎಂದು ಅವನು ಬರೆದ. ಕಟ್ಟುವವರ ಹೆಸರು ಉಳಿದದ್ದೂ ಇಂಥ ಮುರಿತಗಳಿಂದಲೇ. ಸೊಟ್ಟಗಾದರೂ ಮುದುಕಿ ರೊಟ್ಟಿ ಬಡಿಯುತ್ತಾಳೆ. ಊರಿಗೆ ಅಷ್ಟು ಸಾಕ್ಷಿ ಸಾಕು.

ಅಪಾಯ ಮಕ್ಕಳ ಮೊಣಕೈ ಮುರಿತದಲ್ಲಿದೆ. ಊದುತ್ತಿರುವ ಕೈಗೆ ಬಿಗಿಯಾಗಿ ಬಿದಿರು ಕಟ್ಟಿದರೆ ಮುಂಗೈಯ ಮಾಂಸಖಂಡಕ್ಕೆ ರಕ್ತ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಅದು ಸಾಯುತ್ತದೆ, ತಿಂಗಳುಗಳ ಮೇಲೆ ಬೆರಳುಗಳು ಒಳಕ್ಕೆ ಮಡಚಿ ಗಟ್ಟಿಯಾಗುತ್ತವೆ. ಜರ್ಮನಿಯ ರಿಚರ್ಡ್ ಫೋನ್ ಫೋಲ್ಕ್‌ಮನ್ 1881ರಲ್ಲಿ ಇದನ್ನು ಗುರುತಿಸಿದ. ಅವನು ಕಂಡದ್ದು ಹಳ್ಳಿಯ ಕಟ್ಟುಗಳನ್ನಲ್ಲ, ಆಸ್ಪತ್ರೆಯವರೇ ಬಿಗಿದ ಕಟ್ಟುಗಳನ್ನು ಎಂಬುದು ಗಮನಾರ್ಹ. ನಮ್ಮಲ್ಲಿ ‘ಸಿಮೆಂಟ್ ಹಾಕಿಸೋದು’ ಎನ್ನುವ ಪ್ಲಾಸ್ಟರಿನ ಕೆಳಗೂ ಇದೇ ಅನಾಹುತ ಆಗಬಲ್ಲದು.

ಯಂತ್ರ

ಕುಡುಗೋಲಿನ ಗಾಯಕ್ಕೆ ಒಂದು ಗೊತ್ತಾದ ಜಾಗವಿದೆ: ಪೈರು ಹಿಡಿದ ಎಡಗೈಯ ಬೆರಳು. ಗೆರೆ ಎಳೆದಂತೆ ಕೊಯ್ದಿರುತ್ತದೆ. ಯಂತ್ರ ಮಾಡುವ ಗಾಯ ಬೇರೆ ಜಾತಿಯದು. ಹತ್ತಿಯ ಜಿನ್ನಿನ ಉರುಳೆ, ಅಕ್ಕಿ ಗಿರಣಿಯ ಬೆಲ್ಟು, ಟ್ರ್ಯಾಕ್ಟರಿಗೆ ಹೂಡಿದ ಒಕ್ಕಣೆ ಯಂತ್ರ ಇವು ಕೊಯ್ಯುವುದಿಲ್ಲ, ಎಳೆಯುತ್ತವೆ. ಚರ್ಮ ಕೈಗವಸಿನಂತೆ ಸುಲಿದು ಬರುತ್ತದೆ, ಸ್ನಾಯುರಜ್ಜುಗಳು ಮುಂಗೈಯ ಬುಡದಿಂದಲೇ ಕಿತ್ತು ಬರುತ್ತವೆ, ಎಲುಬು ಪುಡಿಯಾಗುತ್ತದೆ, ಎಣ್ಣೆ ಹೊಟ್ಟು ಒಳಗೆ ಸೇರುತ್ತದೆ. ಇದನ್ನು ಹೊಲಿಯುವುದೆಂದರೆ ಏನನ್ನು ಏನಕ್ಕೆ ಹೊಲಿಯುವುದು? ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಸಿರುಗುಪ್ಪದ ಕಡೆ ಭತ್ತದ ಬೆಳೆಯನ್ನು ಹಿಗ್ಗಿಸಿದವು. ಭತ್ತದ ಬೆನ್ನಿಗೆ ಗಿರಣಿಗಳು ಬಂದವು. ನೀರಾವರಿಯ ಚರಿತ್ರೆ ಬರೆಯುವವರು ಈ ಕೈಗಳನ್ನು ಲೆಕ್ಕಕ್ಕೆ ಹಿಡಿದದ್ದು ಕಡಿಮೆ.

ಲೆಕ್ಕ ಹಿಡಿದದ್ದು ಕಾನೂನು. ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1923ರಲ್ಲಿ, ಕಾರ್ಮಿಕರ ನಷ್ಟಪರಿಹಾರ ಕಾಯ್ದೆ ಬಂತು. ಇಂದು ಓದಲು ಸಿಗುವ ಅದರ ಮೊದಲ ಅನುಸೂಚಿ ಬೆರಳುಗಳ ದರಪಟ್ಟಿಯಂತಿದೆ. ಒಂದು ಕೈ ಹೋದರೆ ಗಳಿಕೆಯ ಶಕ್ತಿ ನೂರಕ್ಕೆ 60 ನಷ್ಟ. ಹೆಬ್ಬೆರಳು 30, ಬುಡದ ಎಲುಬೂ ಸೇರಿ ಹೋದರೆ 40. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳು 12, ಉಂಗುರದ ಬೆರಳೋ ಕಿರುಬೆರಳೋ ಆದರೆ 7. ಹೆಬ್ಬೆರಳೊಂದಕ್ಕೆ ತೋರುಬೆರಳಿನ ಎರಡು ಪಟ್ಟಿಗಿಂತ ಹೆಚ್ಚು ಬೆಲೆ ಕಟ್ಟಿದ್ದು ಒಪ್ಪತಕ್ಕ ಲೆಕ್ಕವೇ. ಹೆಬ್ಬೆರಳಿಲ್ಲದೆ ಹಿಡಿತವೇ ಇಲ್ಲ. ಆದರೆ ಕಿರುಬೆರಳಿಗೆ 7 ಎಂದವರು ಗುದ್ದಲಿ ಹಿಡಿದು ನೋಡಿರಲಾರರು. ಕಾವಿನ ಮೇಲೆ ಬಿಗಿ ಬೀಳುವುದು ಕೊನೆಯ ಎರಡು ಬೆರಳುಗಳಿಂದ. ಕಡಿದುಹೋದ ಬೆರಳಿಗೆ ಅಂಕಿ ಇದೆ, ಇದ್ದೂ ಮಡಚದ ಬೆರಳಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಅದರ ನಷ್ಟವನ್ನು ವೈದ್ಯರು ಅಂದಾಜು ಮಾಡಿ ಬರೆಯಬೇಕು. ಮುಂದೆ ಒಕ್ಕಣೆ ಯಂತ್ರಗಳ ಹಾವಳಿ ದೇಶದ ಗಮನ ಸೆಳೆದು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು.

ವೆಲ್ಲೂರು

ಇಂಥ ಗಾಯಗಳಿಂದಲೇ ನಮ್ಮಲ್ಲಿ ಹಸ್ತ ಶಸ್ತ್ರಚಿಕಿತ್ಸೆ ಹುಟ್ಟಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅಮೆರಿಕದಲ್ಲಿ ಹಾಗೇ ಆಯಿತು. ಎರಡನೆಯ ಮಹಾಯುದ್ಧದ ಗಾಯಾಳುಗಳ ನಡುವೆ ಸ್ಟರ್ಲಿಂಗ್ ಬನಲ್ 1944ರಲ್ಲಿ ‘ಸರ್ಜರಿ ಆಫ್ ದಿ ಹ್ಯಾಂಡ್’ ಪ್ರಕಟಿಸಿದರು, 1946ರಲ್ಲಿ ಅಲ್ಲಿನ ಹಸ್ತ ಶಸ್ತ್ರಚಿಕಿತ್ಸಕರ ಸಂಘ ಹುಟ್ಟಿತು. ದಕ್ಷಿಣ ಭಾರತದಲ್ಲಿ ಅದು ಕುಷ್ಠರೋಗದಿಂದ ಹುಟ್ಟಿತು.

ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ್ದ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠಾಲಯದಲ್ಲಿ ಉಗುರಿನಂತೆ ಬಾಗಿದ ಕೈಗಳನ್ನು ಕಂಡ ಅವರಿಗೆ ಎರಡು ಸಂಗತಿ ತಿಳಿದವು. ಒಂದು, ಬೆರಳುಗಳು ರೋಗದಿಂದ ಉದುರುತ್ತಿರಲಿಲ್ಲ. ನರ ಸತ್ತು ನೋವು ತಿಳಿಯದ ಕೈಯನ್ನು ಬಿಸಿ ಪಾತ್ರೆ, ಮೊಳೆ, ಬೀಗದ ಕೈ ತಿನ್ನುತ್ತಿದ್ದವು. ರಾತ್ರಿ ಇಲಿಗಳೂ ತಿನ್ನುತ್ತಿದ್ದವು. ಮನೆಗೆ ಮರಳುವ ರೋಗಿಗೆ ಬೆಕ್ಕು ಕೊಟ್ಟು ಕಳಿಸುವುದೂ ಅಲ್ಲಿ ಚಿಕಿತ್ಸೆಯ ಭಾಗವಾಯಿತು. ಎರಡು, ಮೊಣಕೈ ಹಾಗೂ ಮಣಿಕಟ್ಟಿನ ಬಳಿ ಕೆಲವು ನರಗಳಷ್ಟೇ ಕೆಡುತ್ತವೆ. ಮುಂಗೈಯ ಎಷ್ಟೋ ಮಾಂಸಖಂಡಗಳು ಗಟ್ಟಿಯಾಗಿಯೇ ಉಳಿದಿರುತ್ತವೆ. ಹಾಗಾದರೆ ಇರುವ ಖಂಡದ ರಜ್ಜುವನ್ನು ಬಿಡಿಸಿ, ಸುರಂಗದಲ್ಲಿ ಹಾಯಿಸಿ, ಸತ್ತ ಖಂಡದ ಜಾಗಕ್ಕೆ ಹೊಲಿಯಬಹುದು. 1948ರಿಂದ ಈ ಶಸ್ತ್ರಚಿಕಿತ್ಸೆಗಳು ನಡೆದವು. ಕೈ ನೆಟ್ಟಗಾದವರಲ್ಲಿ ಕೆಲವರು ದೂರು ತಂದರು: ಈಗ ಭಿಕ್ಷೆಯೂ ಹುಟ್ಟುತ್ತಿಲ್ಲ, ಕೆಲಸವನ್ನೂ ಯಾರೂ ಕೊಡುತ್ತಿಲ್ಲ. ಆ ದೂರೇ ವೆಲ್ಲೂರಿನಲ್ಲಿ ಮರಗೆಲಸ ಕಲಿಸುವ ‘ನವಜೀವ ನಿಲಯ’ಕ್ಕೆ ದಾರಿಯಾಯಿತು. ‘ಕೈ ಆಡುತ್ತದೆಯೆ?’ ಎಂಬ ಪ್ರಶ್ನೆ ಇಲ್ಲಿ ಗಟ್ಟಿಯಾಗಿ ನಿಂತಿತು. ಆಮೇಲಿನ ಪ್ರಶ್ನೆ, ಆಡುವ ಕೈಗೆ ಏನು ಕೆಲಸ?

ಇದೇ ದಾರಿಯಲ್ಲಿ ನಡೆದ ಇನ್ನೊಬ್ಬರು ಹುಬ್ಬಳ್ಳಿಯಲ್ಲಿ 1922ರಲ್ಲಿ ಹುಟ್ಟಿದ ಎನ್.ಎಚ್. ಆಂಟಿಯಾ. ಇಂಗ್ಲೆಂಡಿನಲ್ಲಿ ಹೆರಾಲ್ಡ್ ಗಿಲೀಸ್ ಬಳಿ ಕಲಿತು ಬಂದು ಪುಣೆ, ಮುಂಬೈಗಳಲ್ಲಿ ಕುಷ್ಠರೋಗಿಗಳ ಕೈ ಮುಖಗಳನ್ನು ಸರಿಪಡಿಸಿದರು. ಕನ್ನಡ ನಾಡಿನ ವೈದ್ಯ ಚರಿತ್ರೆಗಳಲ್ಲಿ ಅವರ ಹೆಸರು ಇನ್ನೂ ಹೆಚ್ಚು ಕಾಣಿಸಬೇಕಿತ್ತು. ಕಾರ್ಖಾನೆಯ ಗಾಯ ದಕ್ಷಿಣದಲ್ಲಿ ತನ್ನದೇ ಶಾಸ್ತ್ರ ಪಡೆದದ್ದು ಮದ್ರಾಸಿನ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ, ಆರ್. ವೆಂಕಟಸ್ವಾಮಿಯವರ ಕೈಯಲ್ಲಿ. ಬೆರಳ ತುದಿ ಓರೆಯಾಗಿ ಕಡಿದುಹೋದಾಗ ಉಳಿದ ಬೆರಳಿನ ಚರ್ಮವನ್ನೇ ತ್ರಿಕೋನವಾಗಿ ಬಿಡಿಸಿ ಮುಂದಕ್ಕೆ ಸರಿಸುವ ಅವರ ವಿಧಾನ 1980ರಲ್ಲಿ ಪ್ರಕಟವಾಯಿತು. ಜಗತ್ತಿನ ಪಠ್ಯಗಳಲ್ಲಿ ಅದು ಅವರ ಹೆಸರಿನಲ್ಲೇ ಇದೆ.

ಬಳ್ಳಾರಿಯ ವಾರ್ಡು

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಅದೇ ಮುಂದೆ ವಿಮ್ಸ್ ಆಗಿ, ಈಚೆಗೆ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರವೆಂದು ಹೆಸರು ಬದಲಿಸಿಕೊಂಡಿದೆ. ಜನರ ಬಾಯಲ್ಲಿ ಈಗಲೂ ವಿಮ್ಸೇ.

ದೊಡ್ಡ ಉಪಕರಣಗಳಿಲ್ಲದ ಇಂಥ ಊರಿನ ಶಸ್ತ್ರಚಿಕಿತ್ಸಕರಿಗೆ ವರವಾದದ್ದು ಮ್ಯಾಕ್‌ಗ್ರೆಗರ್ ಮತ್ತು ಜಾಕ್ಸನ್ 1972ರಲ್ಲಿ ವಿವರಿಸಿದ ತೊಡೆಸಂದಿನ ಚರ್ಮದ ಕಸಿ. ಸುಲಿದ ಕೈಯನ್ನು ತೊಡೆಸಂದಿನಲ್ಲಿ ಬಿಡಿಸಿದ ಚರ್ಮಕ್ಕೆ ಹೊಲಿದುಬಿಡುತ್ತಾರೆ. ಚರ್ಮಕ್ಕೆ ಅದರದೇ ರಕ್ತನಾಳ ಇರುತ್ತದೆ, ಮೈಕ್ರೋಸ್ಕೋಪು ಬೇಡ. ಸುಮಾರು ಮೂರು ವಾರ ರೋಗಿ ಪಂಚೆಯೊಳಗೆ ಕೈ ಇಟ್ಟುಕೊಂಡವನಂತೆ ವಾರ್ಡಿನಲ್ಲಿ ಓಡಾಡುತ್ತಾನೆ, ಉಣ್ಣಲು ಇನ್ನೊಂದು ಕೈ, ಲುಂಗಿ ಕಟ್ಟಲು ಮನೆಯವರು. ಆಮೇಲೆ ಬುಡ ಕತ್ತರಿಸಿದಾಗ ಕೈ ಮುಚ್ಚಿರುತ್ತದೆ. ಭುಜ, ಮೊಣಕೈ, ಬೆರಳಿನ ಗೆಣ್ಣುಗಳು ಮಾತ್ರ ಬಿಗಿದಿರುತ್ತವೆ. ಉಳಿಯುವುದಕ್ಕೂ ಆಡುವುದಕ್ಕೂ ನಡುವಿನ ಜಗ್ಗಾಟ ಈ ಒಂದೇ ಚಿಕಿತ್ಸೆಯಲ್ಲಿ ಪೂರ್ತಿ ಕಾಣುತ್ತದೆ.

ಕಡಿದ ಅಂಗವನ್ನೇ ಮರಳಿ ಜೋಡಿಸುವ ವಿದ್ಯೆ ಬೇರೆ ದಾರಿ ಹಿಡಿಯಿತು. 1963ರಲ್ಲಿ ಶಾಂಘೈನ ಚೆನ್ ಝೋಂಗ್‌ವೇ ಕಡಿದ ಕೈಯನ್ನು, 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯ್ ಕಡಿದ ಹೆಬ್ಬೆರಳನ್ನು ಜೋಡಿಸಿದರು. 2015ರ ಜನವರಿಯಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ದಾನಿಯ ಎರಡು ಕೈಗಳನ್ನು ಕಸಿ ಮಾಡಿದ್ದು ದೇಶದಲ್ಲೇ ಮೊದಲು. ಆದರೆ ಮಾಂಸಖಂಡವಿರುವ ಭಾಗ ತಂಪಿಲ್ಲದೆ ಆರು ಗಂಟೆ ಕಳೆದರೆ ಜೋಡಿಸಿ ಫಲವಿಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿಲೋಮೀಟರ್, ಬಳ್ಳಾರಿಯಿಂದ ಬೆಂಗಳೂರಿಗೆ 300 ಮೀರುತ್ತದೆ. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಶುರುವಾದ 108 ಆಂಬುಲೆನ್ಸ್ ಮೊದಲ ದಾರಿಯನ್ನು ತಗ್ಗಿಸಿತು, ಎರಡನೆಯದನ್ನಲ್ಲ. ಬೆರಳನ್ನು ಐಸಿನೊಳಗೇ ಹೂತು ತರುವವರೂ ಇದ್ದಾರೆ; ಹಾಗೆ ಮಾಡಿದರೆ ಅದು ಮರಗಟ್ಟಿ ಕೆಡುತ್ತದೆ. ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಬೇಕು. ಗಿರಣಿಯ ಗೋಡೆಗೆ ಇಷ್ಟು ಬರೆದು ಹಾಕಲು ಖರ್ಚಿಲ್ಲ.

ಬಳ್ಳಾರಿಯ ಜೀನ್ಸ್ ಘಟಕಗಳ ಕೈನೋವು ರಕ್ತ ಸುರಿಸುವುದಿಲ್ಲವಾದ್ದರಿಂದ ಆಸ್ಪತ್ರೆಗೆ ಬರುವುದು ತಡ. ದಪ್ಪ ಬಟ್ಟೆ ತಳ್ಳುವುದು, ಕತ್ತರಿ ಒತ್ತುವುದು, ದಾರ ಚಿವುಟುವುದು ದಿನವಿಡೀ ನಡೆದಾಗ ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಕೊಂಡು ರಾತ್ರಿ ಜೋಮು ಹಿಡಿಯುತ್ತದೆ. ಹೆಬ್ಬೆರಳ ಬುಡದ ರಜ್ಜು ಊದುತ್ತದೆ, ಸ್ವಿಸ್ ವೈದ್ಯ ಡಿ ಕ್ವೆರ್ವೆನ್ 1895ರಲ್ಲಿ ಗುರುತಿಸಿದ್ದು ಇದನ್ನೇ. ಶಸ್ತ್ರಚಿಕಿತ್ಸೆ ಬೇಕಾಗಿ ಬಂದರೆ ಎರಡಕ್ಕೂ ಚಿಕ್ಕ ಕೊಯ್ತ ಸಾಕು. ಅಡ್ರಿನಲಿನ್ ಬೆರೆಸಿದ ಮರಗಟ್ಟುವ ಮದ್ದನ್ನು ಬೆರಳಿಗೆ ಕೊಡಲೇಬಾರದೆಂಬ ಹಳೆಯ ಭಯವನ್ನು ಕೆನಡಾದ ಡೊನಾಲ್ಡ್ ಲಲೊಂಡ್ ಮತ್ತು ಸಂಗಡಿಗರು 2005ರಲ್ಲಿ 3,110 ಪ್ರಕರಣಗಳ ಆಧಾರದ ಮೇಲೆ ತಳ್ಳಿಹಾಕಿದರು. ಅಂದಿನಿಂದ ರೋಗಿ ಎಚ್ಚರವಿರುವಾಗಲೇ ರಜ್ಜು ಹೊಲಿದು, ‘ಮಡಚು ನೋಡೋಣ’ ಎಂದು ಟೇಬಲ್ಲಿನ ಮೇಲೇ ಕೇಳುವುದು ಸಾಧ್ಯವಾಗಿದೆ. ಅರಿವಳಿಕೆ ತಜ್ಞರು ಕಡಿಮೆಯಿರುವ ತಾಲ್ಲೂಕಿನ ಮಟ್ಟಿಗೆ ಮೈಕ್ರೋಸ್ಕೋಪಿಗಿಂತ ಇದೇ ದೊಡ್ಡ ಸುದ್ದಿ.

ರಜ್ಜು ಹೊಲಿದ ಬೆರಳಿಗೆ ಮೊದಲ ವಾರದಿಂದಲೇ ಹದವರಿತ, ಹಗುರ ಚಲನೆಯ ವ್ಯಾಯಾಮ ಬೇಕು. ಅತಿ ಮಾಡಿದರೆ ಹೊಲಿಗೆ ಹರಿಯುತ್ತದೆ, ಮಾಡದಿದ್ದರೆ ರಜ್ಜು ಅಂಟಿಕೊಳ್ಳುತ್ತದೆ. ಇದನ್ನು ಕೈ ಹಿಡಿದು ಕಲಿಸುವ ಥೆರಪಿಸ್ಟ್ ಬೇಕು, ಹಲವು ವಾರ. ಕುರುಗೋಡಿನ ಕೂಲಿಯವನಿಗೆ ಶಸ್ತ್ರಚಿಕಿತ್ಸೆಯ ದಿನ ಸರ್ಕಾರದ ಕಾರ್ಡು ನಡೆಯುತ್ತದೆ. ಆಮೇಲಿನ ವಾರಗಳ ಬಸ್ ಚಾರ್ಜು, ತಪ್ಪಿದ ಕೂಲಿ ಅವನ ಲೆಕ್ಕಕ್ಕೇ ಬೀಳುತ್ತವೆ.